ಅಂಗೈ ಹುಣ್ಣು, ಅಂಗೈ ಕನ್ನಡಿ

'ಅಂಗೈ ಹುಣ್ಣಿಗೆ ಕನ್ನಡಿ ಬೇಕೆ?'

ವಾದ ಮುಗಿಸಲು ಕನ್ನಡಿಗರು ಬಳಸುವ ಗಾದೆ ಇದು. ಕಣ್ಣೆದುರಿಗೇ ಇರುವುದಕ್ಕೆ ಸಾಕ್ಷಿ ಕೇಳುವವರ ಮುಂದೆ ಇದನ್ನು ಹೇಳಿದರೆ ಮಾತು ಅಲ್ಲಿಗೆ ನಿಲ್ಲುತ್ತದೆ. ಶಾಲೆಯ ಗಾದೆ ವಿಸ್ತರಣೆಯಲ್ಲಿ ನಾವೆಲ್ಲ ಬರೆದದ್ದೂ ಇಷ್ಟೇ: ಸ್ಪಷ್ಟವಾಗಿ ಕಾಣುವುದಕ್ಕೆ ಪುರಾವೆ ಬೇಕಿಲ್ಲ. ಆ ಅರ್ಥ ಸರಿಯಾದದ್ದೇ. ಆದರೆ ಕೆಲವು ವರ್ಷಗಳ ಹಿಂದಿನ ಒಂದು ಯುಗಾದಿ ಈ ಗಾದೆಯನ್ನು ನನಗೆ ಮೊದಲಿನಿಂದ ಮತ್ತೆ ಓದಿಸಿತು.

ತಿಪಟೂರಿನ ಕಡೆಯ ನಮ್ಮ ಹಳ್ಳಿಗೆ ಹಬ್ಬಕ್ಕೆ ಮೂರು ದಿನ ಮುಂಚೆಯೇ ಹೋಗಿದ್ದೆ. ಹಬ್ಬದ ಬೆಳಿಗ್ಗೆ ಪೂಜೆ ಮುಗಿಸಿದ ಅಮ್ಮ ಅಂಗೈಯಲ್ಲಿ ಬೇವು-ಬೆಲ್ಲ ಹಿಡಿದು ಬಂದಳು. ಸುಕ್ಕುಗಟ್ಟಿದ ಕೈ, ಬೇವಿನ ಹೂವು, ಬೆಲ್ಲದ ಪುಡಿ, ಕಿಟಕಿಯಿಂದ ಬಿದ್ದ ಎಳೆಬಿಸಿಲು. ಬಾಯಿಗೆ ಹಾಕಿಕೊಳ್ಳುವ ಮೊದಲು ಫೋಟೊ ತೆಗೆದೆ, ಎರಡು ಸಾಲು ಬರೆದು ಜಾಲತಾಣಕ್ಕೆ ಹಾಕಿದೆ. ಒಬ್ಬಟ್ಟಿನ ಊಟದ ಹೊತ್ತಿಗೆ ನೂರಾರು ಮಂದಿ ಮೆಚ್ಚಿದ್ದರು. ಸಂಜೆ, ಅಮೆರಿಕದಲ್ಲಿರುವ ಸೋದರಮಾವನ ಮಗಳು ಬರೆದಳು: 'ಅತ್ತೆ ಕೈಗೆ ಏನಾಗಿದೆ? ಹೆಬ್ಬೆರಳ ಬುಡ ನೋಡು.'

ಚಿತ್ರ ಹಿಗ್ಗಿಸಿ ನೋಡಿದೆ. ಬೇವಿನ ಹೂವಿನ ಪಕ್ಕದಲ್ಲಿ ಒಂದು ರೂಪಾಯಿ ಅಗಲದ ಹುಣ್ಣು. ಅಡುಗೆಮನೆಗೆ ಹೋಗಿ ಕೈ ಹಿಡಿದು ಕೇಳಿದೆ. 'ಹಂಡೆ ಒಲೆ ಕೊಳ್ಳಿ ತಗುಲ್ತು ಕಣಪ್ಪ, ಎಂಟತ್ತು ದಿನ ಆಯ್ತು. ಮಾಯ್ತದೆ ಬಿಡು' ಅಂದಳು. ಅಮ್ಮನಿಗೆ ಸಕ್ಕರೆ ಕಾಯಿಲೆ. ಅಂಥವರ ಗಾಯ ಅಷ್ಟು ಸುಲಭವಾಗಿ ಮಾಯುವುದಿಲ್ಲ. ಮೂರು ದಿನ ಅದೇ ಕೈ ನನ್ನ ತಟ್ಟೆಗೆ ಮುದ್ದೆ ಇಟ್ಟಿತ್ತು, ಕಾಫಿ ಲೋಟ ನೀಡಿತ್ತು. ನಾನು ಆ ಕೈಯ ಫೋಟೊ ತೆಗೆದಿದ್ದೆ, ಆ ಕೈಯನ್ನು ನೋಡಿರಲಿಲ್ಲ. ಅಂಗೈ ಹುಣ್ಣು ಕಾಣಲು ನನಗೆ ಕನ್ನಡಿ ಬೇಕಾಯಿತು. ಆ ಕನ್ನಡಿ ಹಿಡಿದವಳು ಸಮುದ್ರದಾಚೆ ಇದ್ದಳು.

ಅಂದಿನಿಂದ ಈ ಗಾದೆಯ ಒಂದೊಂದು ಪದವನ್ನೂ ಬಿಡಿಸಿ ನೋಡುವುದು ನನಗೆ ಅಭ್ಯಾಸವಾಗಿದೆ.

ಮೊದಲ ಪದ ಅಂಗೈ. ಕೈಯ ಒಳಮೈ ಅದು, ಮುಷ್ಟಿ ಮಡಿಸಿದರೆ ಮರೆಯಾಗುವ ಭಾಗ. ಲೋಕಕ್ಕೆ ಕಾಣುವುದು ಕೈಯ ಹೊರಮೈ. ಅಂಗೈ ಕಾಣುವುದು ನಮಗೆ, ಇಲ್ಲವೇ ನಾವು ಯಾರೆದುರು ಕೈ ಬಿಚ್ಚುತ್ತೇವೋ ಅವರಿಗೆ. ಮುಖಕ್ಕಿಂತಲೂ ಹೆಚ್ಚು ಸಲ ನಮ್ಮ ಕಣ್ಣಿಗೆ ಬೀಳುವ ನಮ್ಮದೇ ಮೈ ಅಂಗೈ. ಬಾಳಿನಲ್ಲಿ ಈ ಜಾಗದಲ್ಲಿ ಇರುವವರು ಮನೆಯವರು: ಹೆಂಡತಿ, ಗಂಡ, ಮಕ್ಕಳು, ಹೆತ್ತವರು, ಕರೆಯದೆಯೂ ಬಾಗಿಲು ತೆಗೆದು ಒಳಗೆ ಬರುವ ಒಬ್ಬಿಬ್ಬರು ಗೆಳೆಯರು. ಇವರ ಸ್ಥಿತಿ ತಿಳಿಯಲು ಯಾವ ಸಾಧನವೂ ಬೇಕಿಲ್ಲ. ಚಪ್ಪಲಿ ಬಿಡುವ ಸದ್ದಿನಲ್ಲೇ ಗಂಡನ ದಿನ ಹೇಗೆ ಕಳೆಯಿತೆಂದು ತಿಳಿಯುವ ಹೆಂಡತಿ ಇದ್ದಾಳೆ. ಮಗು ಅನ್ನ ಕಲಸುವ ರೀತಿಯಲ್ಲೇ ಶಾಲೆಯಲ್ಲಿ ಏನೋ ನಡೆದಿದೆ ಎಂದು ಗೊತ್ತುಮಾಡಿಕೊಳ್ಳುವ ಅಜ್ಜಿ ಇದ್ದಾಳೆ. ಇದೇ ಅಂಗೈ ಓದುವ ವಿದ್ಯೆ. ಇದಕ್ಕೆ ಬೇಕಾದ ಬಂಡವಾಳ ಒಂದೇ, ತಲೆಯೆತ್ತಿ ಇರುವುದು.

ಎರಡನೆಯ ಪದ ಹುಣ್ಣು. ಗಾದೆ ಕಟ್ಟಿದವರು 'ಗಾಯ' ಅನ್ನಲಿಲ್ಲ ಎಂಬುದನ್ನು ಗಮನಿಸಬೇಕು. ಗಾಯ ಒಂದು ಗಳಿಗೆಯಲ್ಲಿ ಆಗುತ್ತದೆ. ಹುಣ್ಣು ಬಲಿಯಲು ದಿನಗಳು ಬೇಕು, ಅಷ್ಟು ದಿನದ ಅಲಕ್ಷ್ಯ ಬೇಕು. ಜಾಲತಾಣ ಸಂಬಂಧಗಳಿಗೆ ಮಾಡುವುದು ಬಹುಪಾಲು ಈ ಬಗೆಯ ಹಾನಿ. ಯಾರೂ ಕೂಗಾಡುವುದಿಲ್ಲ, ತಟ್ಟೆ ಎಸೆಯುವುದಿಲ್ಲ. ಹೆಂಡತಿ ಏನೋ ಹೇಳಲು ಶುರುಮಾಡುತ್ತಾಳೆ, ಗಂಡ ಪರದೆಯಿಂದ ಕಣ್ಣು ತೆಗೆಯದೆ 'ಹೂಂ' ಅನ್ನುತ್ತಾನೆ. ನಾಲ್ಕು ದಿನ ಹೀಗಾದ ಮೇಲೆ ಅವಳು ಹೇಳಬೇಕಾದ್ದನ್ನು ಮೊಟಕುಗೊಳಿಸುತ್ತಾಳೆ. ನಾಲ್ಕು ತಿಂಗಳಾದ ಮೇಲೆ ಹೇಳುವುದನ್ನೇ ಬಿಡುತ್ತಾಳೆ, ತಾನೂ ಒಂದು ಪರದೆ ತೆರೆದು ಕೂರುತ್ತಾಳೆ. ಮನೆ ಶಾಂತವಾಗಿದೆ ಎಂದು ಇಬ್ಬರೂ ಭಾವಿಸುತ್ತಾರೆ. ಜಗಳಕ್ಕೆ ಕಾರಣವಾದರೂ ಇರುತ್ತದೆ, ರಾಜಿಗೆ ದಾರಿಯೂ ಇರುತ್ತದೆ. ಈ ಮೌನಕ್ಕೆ ಇಂಥದ್ದೆಂದು ತೋರಿಸಬಹುದಾದ ಕಾರಣವೇ ಇರುವುದಿಲ್ಲ. ಹುಣ್ಣು ಒಳಗೊಳಗೇ ಬಲಿಯುತ್ತದೆ.

ಇಲ್ಲಿ ನೆರೆಭಾಷೆಗಳ ಕಡೆ ಒಮ್ಮೆ ನೋಡಬೇಕು. ಇದೇ ಭಾವದ ಗಾದೆ ಹಿಂದಿಯಲ್ಲಿದೆ, ತೆಲುಗಿನಲ್ಲಿದೆ. ಆದರೆ ಆ ಎರಡೂ ಭಾಷೆಗಳು ಕೇಳುವುದು 'ಕೈಯ ಕಂಕಣಕ್ಕೆ ಕನ್ನಡಿ ಏಕೆ' ಎಂದು. ಹಿಂದಿ ಗಾದೆಯಲ್ಲಿ ಬರುವ 'ಆರ್ಸಿ' ಎಂದರೆ ಕನ್ನಡಿ. ಹೆಂಗಸರು ಹೆಬ್ಬೆರಳಿಗೆ ತೊಡುತ್ತಿದ್ದ, ಕನ್ನಡಿ ಕೂರಿಸಿದ ಉಂಗುರಕ್ಕೂ ಅದೇ ಹೆಸರು. ತಮಿಳು ಮತ್ತು ಕನ್ನಡ ಕಂಕಣದ ಜಾಗದಲ್ಲಿ ಹುಣ್ಣನ್ನು ಇಟ್ಟಿವೆ. ತರ್ಕಕ್ಕೆ ಎರಡೂ ಒಂದೇ, ಅನುಭವಕ್ಕೆ ಒಂದೇ ಅಲ್ಲ. ಕಂಕಣ ಇರುವುದು ತೋರಿಸಲು, ಹುಣ್ಣು ಇರುವುದು ಆರೈಕೆಗೆ. ಕಂಕಣವನ್ನು ಸಾವಿರ ಜನ ನೋಡಿದರೆ ಹಿಗ್ಗು. ಹುಣ್ಣನ್ನು ಒಬ್ಬರು ನೋಡಿದರೆ ಸಾಕು, ಆ ಒಬ್ಬರು ಹತ್ತಿರದಲ್ಲಿರಬೇಕು.

ಜಾಲತಾಣ ನಮ್ಮಿಂದ ಕೇಳುವುದು ಕಂಕಣವನ್ನು. ಮದುವೆಯ ವಾರ್ಷಿಕೋತ್ಸವದ ಚಿತ್ರ, ಮಗನ ಅಂಕಪಟ್ಟಿ, ಹೊಸ ಮನೆಯ ಗೃಹಪ್ರವೇಶ, ಪ್ರವಾಸದ ಜಲಪಾತ ಅಲ್ಲಿಗೆ ಹೋಗುತ್ತವೆ. 2009ರ ಫೆಬ್ರವರಿಯಲ್ಲಿ ಫೇಸ್‌ಬುಕ್ ಲೈಕ್ ಗುಂಡಿಯನ್ನು ತಂದ ಮೇಲೆ ಕಂಕಣಕ್ಕೆ ಲೆಕ್ಕವೂ ಸಿಕ್ಕಿತು. ಮೆಚ್ಚುಗೆಯನ್ನು ಎಣಿಸಬಹುದು ಎಂದಾದಾಗ ಎಣಿಕೆಗೆ ಸಿಗದ ಮೆಚ್ಚುಗೆ ಸಣ್ಣದಾಗಿ ಕಾಣತೊಡಗಿತು. 'ಇವತ್ತು ಸಾರು ಚೆನ್ನಾಗಿತ್ತು' ಎಂಬ ಒಂದು ಮಾತಿಗೆ ಸಂಖ್ಯೆ ಇಲ್ಲ, ಸಾಕ್ಷಿ ಇಲ್ಲ. ಅಡುಗೆ ಮಾಡಿದವಳ ಮನಸ್ಸಿನಲ್ಲಿ ಅದು ಒಂದು ವಾರ ಉಳಿಯುತ್ತದೆ ಎಂಬುದು ಯಾವ ಪರದೆಯ ಮೇಲೂ ಮೂಡುವುದಿಲ್ಲ. ಹೊರಗಿನ ಇನ್ನೂರು ಲೈಕು ಎಣಿಸಲು ಕಲಿತ ಮನಸ್ಸು ಮನೆಯೊಳಗಿನ ಈ ಒಂದು ಮಾತನ್ನು ಆಡಲು ಮರೆಯಿತು, ಕೇಳಲೂ ಮರೆಯಿತು.

ಮೂರನೆಯ ಪದ ಕನ್ನಡಿ. ಮನುಷ್ಯನಿಗೆ ಮೊದಲು ಸಿಗುವ ಕನ್ನಡಿ ಗಾಜಿನದಲ್ಲ, ತಾಯಿಯ ಮುಖ. ಮಗು ನಕ್ಕರೆ ಆ ಮುಖ ನಗುತ್ತದೆ, ಮಗು ಬೆದರಿದರೆ ಆ ಮುಖದಲ್ಲಿ ಕಳವಳ ಕಾಣುತ್ತದೆ. ತಾನು ಇದ್ದೇನೆ, ತನ್ನನ್ನು ಯಾರೋ ಕಾಣುತ್ತಿದ್ದಾರೆ ಎಂದು ಮಗು ತಿಳಿಯುವುದು ಅಲ್ಲಿಂದ. ಅಮೆರಿಕದ ಮನಶ್ಶಾಸ್ತ್ರಜ್ಞ ಎಡ್ವರ್ಡ್ ಟ್ರಾನಿಕ್ ಮತ್ತು ಸಂಗಡಿಗರು 1978ರಲ್ಲಿ ಪ್ರಕಟಿಸಿದ ಒಂದು ಪ್ರಯೋಗ ಈ ಮಾತಿಗೆ ಹೆಸರಾಗಿದೆ. ಕೂಸಿನ ಜೊತೆ ಆಡುತ್ತಿದ್ದ ತಾಯಿಗೆ ಕೆಲವೇ ನಿಮಿಷ ಮುಖವನ್ನು ನಿರ್ಭಾವವಾಗಿ, ಕಲ್ಲಿನಂತೆ ಇಟ್ಟುಕೊಳ್ಳಲು ಹೇಳಿದರು. ಕೂಸು ಮೊದಲು ನಕ್ಕಿತು, ಕೈ ಚಾಚಿತು, ತಾಯಿಯನ್ನು ಮತ್ತೆ ಆಟಕ್ಕೆ ಎಳೆಯಲು ಮಾಡಬಹುದಾದ್ದನ್ನೆಲ್ಲ ಮಾಡಿತು. ಏನೂ ಫಲಿಸದಿದ್ದಾಗ ಮುಖ ಬಾಡಿಸಿ ಬೇರೆ ಕಡೆ ತಿರುಗಿತು. ತಾಯಿ ಎಲ್ಲಿಗೂ ಹೋಗಿರಲಿಲ್ಲ, ಎದುರಿಗೇ ಕುಳಿತಿದ್ದಳು. ಆಗ ಜೇಬಿನ ಫೋನುಗಳಿರಲಿಲ್ಲ. ಇವತ್ತು ಬಸ್ಸಿನಲ್ಲಿ, ಆಸ್ಪತ್ರೆಯ ಸರದಿಯಲ್ಲಿ, ನಮ್ಮದೇ ಪಡಸಾಲೆಯಲ್ಲಿ, ಪರದೆಯ ಬೆಳಕು ಬಿದ್ದ ನಿರ್ಭಾವ ಮುಖವನ್ನು ಒಂದು ಮಗು ನೋಡುತ್ತಿರುವುದನ್ನು ಕಂಡಾಗ ನನಗೆ ಆ ಪ್ರಯೋಗ ನೆನಪಾಗುತ್ತದೆ. ಪ್ರಯೋಗದ ತಾಯಿ ಕೆಲವು ನಿಮಿಷದಲ್ಲಿ ಮತ್ತೆ ಮಗುವಿನತ್ತ ನಕ್ಕಿದ್ದಳು.

ಕೈಯಲ್ಲಿರುವ ಈ ಹೊಸ ಕನ್ನಡಿ ಹಳೆಯ ಕನ್ನಡಿಯಷ್ಟು ಪ್ರಾಮಾಣಿಕವಾಗಿದೆಯೇ? ಗಾಜು ಎದುರಿಗಿದ್ದುದನ್ನು ತೋರಿಸುತ್ತದೆ, ನೀವು ಸರಿದರೆ ಖಾಲಿಯಾಗುತ್ತದೆ. ಇದು ಖಾಲಿಯಾಗುವುದೇ ಇಲ್ಲ. ಪುಟದ ಕೊನೆ ಎಂಬುದನ್ನೇ ಇಲ್ಲವಾಗಿಸಿ, ಸರಿಸಿದಷ್ಟೂ ಹೊಸದು ಬರುವ ವಿನ್ಯಾಸವನ್ನು ಏಜಾ ರಾಸ್ಕಿನ್ 2006ರಲ್ಲಿ ರೂಪಿಸಿದರು. ಮುಂದೆ ಅದರ ಪರಿಣಾಮ ಕಂಡು ಅವರೇ ಬಹಿರಂಗವಾಗಿ ವಿಷಾದಿಸಿದರು. ಇನ್ನು ಅದರೊಳಗೆ ಕಾಣುವುದು ನಮ್ಮವರ ಮುಖವೇ ಎಂದರೆ ಅದೂ ಕಡಿಮೆಯಾಗಿದೆ. ಫೇಸ್‌ಬುಕ್, ಇನ್‌ಸ್ಟಾಗ್ರಾಮ್‌ಗಳ ಒಡೆತನದ ಮೆಟಾ ಕಂಪನಿಯ ಮೇಲಿನ ಏಕಸ್ವಾಮ್ಯದ ಮೊಕದ್ದಮೆಯಲ್ಲಿ 2025ರ ನವೆಂಬರಿನಲ್ಲಿ ತೀರ್ಪು ಕೊಟ್ಟ ಅಮೆರಿಕದ ನ್ಯಾಯಾಧೀಶ ಜೇಮ್ಸ್ ಬೋಸ್‌ಬರ್ಗ್ ಒಂದು ಲೆಕ್ಕವನ್ನು ದಾಖಲಿಸಿದ್ದಾರೆ. ಫೇಸ್‌ಬುಕ್ಕಿನಲ್ಲಿ ಕಳೆಯುವ ಸಮಯದಲ್ಲಿ ಗೆಳೆಯರು ಹಾಕಿದ್ದನ್ನು ನೋಡಲು ಹೋಗುವುದು ಶೇಕಡ 17 ಮಾತ್ರ, ಇನ್‌ಸ್ಟಾಗ್ರಾಮಿನಲ್ಲಿ ಶೇಕಡ 7. ಉಳಿದದ್ದೆಲ್ಲ ಅಪರಿಚಿತರ ವಿಡಿಯೊ ಮತ್ತು ಇತರ ಸರಕು. ನಂಟು ಬೆಸೆಯುತ್ತೇವೆಂದು ಬಂದ ವೇದಿಕೆಯಲ್ಲಿ ನಂಟರು ಕಾಣುವುದು ಅಷ್ಟಕ್ಕಷ್ಟೆ. ಎದುರಿಗಿರುವ ನಮ್ಮವರನ್ನು ಬಿಟ್ಟು ನಾವು ಅಲ್ಲಿ ನೋಡುತ್ತಿರುವುದು ದೂರದ ನಮ್ಮವರನ್ನೂ ಅಲ್ಲ.

ಕನ್ನಡಿ ಹೊಸ ಹುಣ್ಣುಗಳನ್ನೂ ತಂದಿದೆ. 2014ರ ನವೆಂಬರಿನಲ್ಲಿ ವಾಟ್ಸ್ಆ್ಯಪ್ ನೀಲಿ ಗುರುತನ್ನು ತಂದಿತು. ಸಂದೇಶ ಓದಿದ್ದಾರೆ ಎಂದು ತಿಳಿಸುವ ಈ ಪುಟ್ಟ ಅನುಕೂಲ 'ಓದಿಯೂ ಉತ್ತರಿಸಲಿಲ್ಲ' ಎಂಬ ಕೊರಗಿಗೆ ದಾರಿಯಾಯಿತು. ಅಣ್ಣತಮ್ಮಂದಿರ ನಡುವೆ, ಬೀಗರ ನಡುವೆ ಇದೇ ಕಾರಣಕ್ಕೆ ಮಾತು ಬಿಟ್ಟವರನ್ನು ನಾನು ಬಲ್ಲೆ. ಎದುರಿಗೆ ಕುಳಿತಿದ್ದರೆ, ಉತ್ತರ ಬಾರದ ಆ ಗಳಿಗೆಯಲ್ಲಿ ತಮ್ಮ ಕೆಮ್ಮುತ್ತಿದ್ದಾನೋ, ಮಗುವಿಗೆ ಉಣಿಸುತ್ತಿದ್ದಾನೋ ಅಣ್ಣನಿಗೆ ಕಾಣುತ್ತಿತ್ತು. ಗುರುತು ಕಾಣಿಸಿತು, ಮನುಷ್ಯ ಕಾಣಲಿಲ್ಲ.

ಕೊನೆಯ ಪದ 'ಬೇಕೆ'. ಗಾದೆ ಕನ್ನಡಿಯನ್ನು ಒಡೆಯಿರಿ ಅನ್ನುವುದಿಲ್ಲ. ಅಂಗೈಗೆ ಅದು ಬೇಕೆ ಎಂದಷ್ಟೇ ಕೇಳುತ್ತದೆ. ನಮ್ಮ ಬೆನ್ನು ನಮಗೆ ಕಾಣದು, ಅಲ್ಲಿನ ಹುಣ್ಣಿಗೆ ಕನ್ನಡಿ ಬೇಕೇ ಬೇಕು. ದೂರದಲ್ಲಿರುವ ನಮ್ಮವರು ಹಾಗೆ. ಗಡಿಯಲ್ಲಿರುವ ಸೈನಿಕನಿಗೆ ಮಗುವಿನ ಮೊದಲ ಹೆಜ್ಜೆ ತೋರಿಸುವ, ಕೊಲ್ಲಿ ದೇಶದಲ್ಲಿ ದುಡಿಯುವ ಮಗನ ಮುಖವನ್ನು ಉಡುಪಿಯ ತಾಯಿಗೆ ತೋರಿಸುವ ಪರದೆ ದೊಡ್ಡ ಉಪಕಾರ. ಸನ್ನೆಭಾಷೆಯಲ್ಲಿ ಮಾತಾಡುವ ಕಿವುಡರಿಗೆ ವಿಡಿಯೊ ಕರೆ ಕೊಟ್ಟ ಬಿಡುಗಡೆಯನ್ನು ಹಳೆಯ ದೂರವಾಣಿ ಕೊಟ್ಟಿರಲಿಲ್ಲ. ನನ್ನ ಅಮ್ಮನ ಕೈ ಉಳಿದದ್ದೂ ಒಂದು ಪರದೆಯಿಂದ, ದೂರದಲ್ಲಿದ್ದೂ ಕಣ್ಣಿಟ್ಟು ನೋಡಿದ ಒಬ್ಬ ಸೋದರಸೊಸೆಯಿಂದ ಎಂಬುದನ್ನು ನಾನು ಮರೆಯಲಾರೆ. ದೂರದ ಅವಳು ಕನ್ನಡಿಯನ್ನು ಸರಿಯಾಗಿ ಬಳಸಿದಳು. ಹತ್ತಿರದ ನಾನು ಅದನ್ನು ಅಂಗೈಗೂ ಕಣ್ಣಿಗೂ ನಡುವೆ ಹಿಡಿದಿದ್ದೆ. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆ 2014ರಲ್ಲಿ ಆರಂಭಿಸಿದ 'ಶಟ್' ಚಿಕಿತ್ಸಾಲಯದ ಪೂರ್ಣ ಹೆಸರಿನಲ್ಲೂ ಇರುವುದು ತಂತ್ರಜ್ಞಾನದ ಆರೋಗ್ಯಕರ ಬಳಕೆ ಎಂಬ ಗುರಿಯೇ.

ಬಳಕೆಗೆ ಗೆರೆ ಎಳೆಯುವುದು ಒಬ್ಬೊಬ್ಬರಿಗೆ ಕಷ್ಟ, ಕೂಡಿ ಮಾಡಿದರೆ ಸುಲಭ. ನಮ್ಮ ನೆರೆಯ ಸಾಂಗ್ಲಿ ಜಿಲ್ಲೆಯ ಮೋಹಿತ್ಯಾಂಚೆ ವಡಗಾಂವ್ ಎಂಬ ಹಳ್ಳಿ 2022ರಲ್ಲಿ ಇದನ್ನು ಮಾಡಿತು. ಸಂಜೆ 7 ಗಂಟೆಗೆ ಊರ ದೇವಸ್ಥಾನದಿಂದ ಸೈರನ್ ಮೊಳಗುತ್ತದೆ. ಒಂದೂವರೆ ಗಂಟೆ ಟಿವಿ, ಮೊಬೈಲು ಬಂದ್. ಮಕ್ಕಳು ಓದುತ್ತಾರೆ, ದೊಡ್ಡವರು ಕುಳಿತು ಮಾತಾಡುತ್ತಾರೆ. ಸೈರನ್ ಎಲ್ಲರಿಗೂ ಒಂದೇ ಆದ್ದರಿಂದ ಯಾರೂ ಏನನ್ನೋ ಕಳೆದುಕೊಂಡೆವೆಂಬ ಕಳವಳಕ್ಕೆ ಬೀಳುವುದಿಲ್ಲ. ಒಂದು ಊರು ಮಾಡಬಲ್ಲದ್ದನ್ನು ಒಂದು ಮನೆ ಮಾಡಲಾರದೇ? ರಾತ್ರಿಯ ಊಟದ ಹೊತ್ತಿಗೆ ಎಲ್ಲರ ಫೋನೂ ದೇವರ ಗೂಡಿನ ಪಕ್ಕದಲ್ಲೋ ಬೀರುವಿನ ಮೇಲೋ ಇರಲಿ. ಅದನ್ನು ಮೊದಲು ಇಡಬೇಕಾದವರು ಹಿರಿಯರು. ಮಕ್ಕಳಿಗೆ ಹೇಳಿ ತಾವು ಹಿಡಿದು ಕೂತರೆ ಆ ನಿಯಮ ಮೂರು ದಿನ ಬಾಳುವುದಿಲ್ಲ.

ನಮ್ಮ ಕಡೆ ಒಂದು ಮಾತಿದೆ: 'ಮಾತಾಡಿಸಿಕೊಂಡು ಬರೋದು.' ಕಾಯಿಲೆಯವರ ಮನೆಗೆ, ಸಾವಾದ ಮನೆಗೆ, ಬಾಣಂತಿಯ ಮನೆಗೆ ಹೋಗಿ ಒಂದು ಗಳಿಗೆ ಕುಳಿತು ಬರುವುದಕ್ಕೆ ಈ ಹೆಸರು. ಅಲ್ಲಿ ದೊಡ್ಡ ಮಾತೇನೂ ಆಡಬೇಕಿಲ್ಲ. ಹೋದವರು ಜಗಲಿಯ ಮೇಲೆ ಕೂರುತ್ತಾರೆ, ನೀರು ಕುಡಿಯುತ್ತಾರೆ, 'ಹೆಂಗಿದೀಯ?' ಅನ್ನುತ್ತಾರೆ. ನೋವಿನ ಮನೆಯವರಿಗೆ ನೆನಪುಳಿಯುವುದು ಯಾರು ಏನೆಂದರು ಎಂಬುದಲ್ಲ, ಯಾರು ಬಂದರು ಎಂಬುದು. ಕುಟುಂಬದ ಗುಂಪಿನಲ್ಲಿ ನಲವತ್ತು ಜನ 'ಓಂ ಶಾಂತಿ' ಬರೆದರೂ ಸಂಜೆ ಆ ಮನೆಯ ಜಗಲಿ ಖಾಲಿ ಉಳಿದರೆ, ಹುಣ್ಣನ್ನು ಯಾರೂ ನೋಡಿಲ್ಲ ಎಂದೇ ಅರ್ಥ. ದೂರವಿದ್ದವರು ಬರೆಯಲಿ, ಬರೆಯಲೇಬೇಕು. ಎರಡು ಬೀದಿ ಆಚೆ ಇರುವವರು ಎದ್ದು ಹೋಗಬೇಕು.

ಅಮ್ಮನ ಕೈ ಆಸ್ಪತ್ರೆಗೆ ತೋರಿಸಿದ ಮೇಲೆ ನಿಧಾನವಾಗಿ ಮಾಯಿತು, ಹೆಬ್ಬೆರಳ ಬುಡದಲ್ಲಿ ಬಿಳಿಯ ಕಲೆ ಉಳಿದಿದೆ. ಊರಿಗೆ ಹೋದಾಗಲೆಲ್ಲ ಮೊದಲು ಆ ಕೈ ಹಿಡಿದು ನೋಡುತ್ತೇನೆ. ಓದುಗರಲ್ಲಿ ನಾನು ಕೇಳಿಕೊಳ್ಳುವುದೂ ಇಷ್ಟೇ. ಇವತ್ತು ನಿಮ್ಮ ತಟ್ಟೆಗೆ ಅನ್ನ ಬಡಿಸುವ ಕೈಯನ್ನು, ನೀವು ಬಡಿಸಿದ್ದನ್ನು ಉಣ್ಣುವ ಕೈಯನ್ನು, ಒಮ್ಮೆ ಹಿಡಿದು ಬೆಳಕಿನಲ್ಲಿ ನೋಡಿ. ಫೋಟೊ ತೆಗೆಯಬೇಡಿ. ಏನಾಗಿದೆ ಎಂದು ಕೇಳಿ, ಉತ್ತರ ಮುಗಿಯುವವರೆಗೂ ಅಲ್ಲೇ ಕುಳಿತಿರಿ.