ತ್ಯಾಗಕ್ಕೆ ಹುಸಿ ಕಾರಣ ಬೇಕೆ?

ಕಂದಮೂಲಗಳು ಶ್ರಾವಕನಿಗೆ ವರ್ಜ್ಯವೆಂದು ನಮ್ಮ ಮನೆಗಳಲ್ಲಿ ಬಾಲ್ಯದಿಂದಲೇ ಕಲಿಸುತ್ತಾರೆ. ಇದು ಸರಿಯೇ. ಆದರೆ ಈಚಿನ ದಶಕಗಳಲ್ಲಿ ಇದಕ್ಕೆ ಇನ್ನೊಂದು ಮಾತು ಸೇರಿಕೊಂಡಿದೆ. ಆಲೂಗಡ್ಡೆಯಲ್ಲಿ ಸತ್ವವೇ ಇಲ್ಲ, ಅದು ಶರೀರಕ್ಕೆ ಅಹಿತಕರ. ಅದರ ಬದಲಿಗೆ ನಾವು ಬಳಸುವ ಬಾಳೆಕಾಯಿಯಾದರೋ ಕಬ್ಬಿಣದ ಆಗರ ಎಂಬುದೇ ಆ ಮಾತು. ಉಪನ್ಯಾಸಗಳಲ್ಲಿಯೂ ಕೇಳಿದ್ದೇನೆ, ಅಡುಗೆಮನೆಗಳಲ್ಲಿಯೂ ಕೇಳಿದ್ದೇನೆ. ಧರ್ಮವು ನಿಷೇಧಿಸಿದ್ದನ್ನು ವಿಜ್ಞಾನವೂ ನಿಷೇಧಿಸುತ್ತದೆಂದು ಕೇಳಿದಾಗ ಮನಸ್ಸಿಗೆ ಒಂದು ಬಗೆಯ ಸಮಾಧಾನವಾಗುತ್ತದೆ. ಈ ಸಮಾಧಾನಕ್ಕೆ ಆಧಾರವಿದೆಯೆ, ಇಲ್ಲದಿದ್ದರೆ ಅದನ್ನು ಹೇಳುತ್ತಲೇ ಇರುವುದು ಧರ್ಮ್ಯವೆ ಎಂಬುದನ್ನು ಇಲ್ಲಿ ವಿಚಾರಿಸಬೇಕಾಗಿದೆ.

ಹಾಗೆ ವಿಚಾರಿಸುವ ಪ್ರಸಂಗ ನನಗೆ ಕಮಲಾಪುರದಲ್ಲಿ ಒದಗಿತು. ಕಲಬುರಗಿಯಿಂದ ಹುಮನಾಬಾದಿನ ದಾರಿಯಲ್ಲಿರುವ ಈ ಊರು ಕೆಂಪು ಬಾಳೆಗೆ ಹೆಸರಾದದ್ದು. ಅಲ್ಲಿನ ಬಂಧುಗಳೊಬ್ಬರ ಮೊಮ್ಮಗಳು ಕಲಬುರಗಿಯ ವಸತಿನಿಲಯವೊಂದರಲ್ಲಿದ್ದು ಗೃಹವಿಜ್ಞಾನ ಓದುತ್ತಿದ್ದಾಳೆ. ದಶಲಕ್ಷಣ ಪರ್ವಕ್ಕೆಂದು ಮನೆಗೆ ಬಂದಿದ್ದ ಆಕೆಯ ಮುಖ ಬಿಳಿಚಿಕೊಂಡಿತ್ತು. ರಕ್ತಹೀನತೆಯೆಂದು ವೈದ್ಯರು ಹೇಳಿ ಕೆಲವು ತಿಂಗಳುಗಳಾಗಿದ್ದವು. ಅವರು ಬರೆದುಕೊಟ್ಟ ಕಬ್ಬಿಣದ ಮಾತ್ರೆಗಳ ಚೀಟಿ ಗೂಡಿನಲ್ಲಿಯೇ ಇತ್ತು. ಹುಡುಗಿ ಮನೆಗೆ ಬಂದಾಗಲೆಲ್ಲ ಆಯಿ ಬಾಳೆಕಾಯಿ ಪಲ್ಯ ಮಾಡಿ ತಿನ್ನಿಸುತ್ತಿದ್ದರು. ಕಾಯಿ ಹೆಚ್ಚಿದ ಕೈ ಕಪ್ಪಾಗುತ್ತದಲ್ಲ, ಅದು ಕಬ್ಬಿಣವಲ್ಲದೆ ಮತ್ತೇನು ಎಂಬುದು ಆ ಹಿರಿಯರ ತರ್ಕ.

ಊಟವಾದ ಮೇಲೆ ಹುಡುಗಿ ತನ್ನ ಪಠ್ಯಪುಸ್ತಕ ಹಿಡಿದು ಬಂದಳು. "ಕಾಕಾ, ಆಲೂಗಡ್ಡಿಯೊಳಗ ಏನೂ ಇಲ್ಲಂತ ಆಯಿ ಹೇಳ್ತಾಳ. ಪುಸ್ತಕದಾಗ ಹಂಗಿಲ್ಲರಿ. ಅಂದಮ್ಯಾಲ ಅದನ್ನ ಬಿಡೂದು ಯಾಕ?" ಎಂದು ಕೇಳಿದಳು. ವಸತಿನಿಲಯದಲ್ಲಿ ಹೆಚ್ಚಿನ ದಿನಗಳಲ್ಲಿ ಆಲೂಗಡ್ಡೆಯೇ. ಆರಿಸಿ ಬದಿಗಿಡುವ ಕಷ್ಟ ಆಕೆಯದು, ನಮ್ಮದಲ್ಲ.

ನಾನು ಆ ಕೋಷ್ಟಕಗಳನ್ನು ನೋಡಿದೆ. ಹಸಿಯ ತೂಕದಲ್ಲಿ ನೂರು ಗ್ರಾಮಿಗೆ ಎರಡರಲ್ಲಿಯೂ ಪ್ರೋಟೀನು ಒಂದೂವರೆ ಗ್ರಾಮಿನ ಆಸುಪಾಸು. ಸಿ ಜೀವಸತ್ವ ಎರಡರಲ್ಲಿಯೂ ಸುಮಾರು 20 ಮಿಲಿಗ್ರಾಂ. ಬೇಯಿಸುವಾಗ ಎರಡರಲ್ಲಿಯೂ ಒಂದಷ್ಟು ನಷ್ಟ. ಪೊಟ್ಯಾಸಿಯಂ ಎರಡರಲ್ಲಿಯೂ 400 ಮಿಲಿಗ್ರಾಮಿನ ಸುತ್ತ. ಪಿಷ್ಟದ ಪ್ರಮಾಣ ಮಾತ್ರ ತಳಿಯಿಂದ ತಳಿಗೆ, ಬಲಿತ ಹಂತದಿಂದ ಹಂತಕ್ಕೆ ಬಹಳ ವ್ಯತ್ಯಾಸವಾಗುತ್ತದೆ. ಹಸಿ ಬಾಳೆಕಾಯಿಯ ಪಿಷ್ಟ ಸುಲಭವಾಗಿ ಜೀರ್ಣವಾಗದ್ದೆಂದೂ ಅದರಿಂದ ಸಕ್ಕರೆ ಬೇಗ ಏರದೆಂದೂ ಹೊಗಳುವವರಿದ್ದಾರೆ. ಆದರೆ ನಾವು ಅದನ್ನು ಹಸಿಯಾಗಿ ತಿನ್ನುವುದಿಲ್ಲವಷ್ಟೆ. ಬೆಂದಾಗ ಆ ಗುಣ ಬಹುಪಾಲು ಹೋಗುತ್ತದೆ. ಇನ್ನು ಆಲೂಗಡ್ಡೆ ವಿಷವೆಂಬ ಮಾತು. ಬಿಸಿಲಿಗೆ ಹಸಿರಾದ, ಮೊಳೆತ ಗಡ್ಡೆಯಲ್ಲಿ ಸೋಲನೈನ್ ಎಂಬ ವಿಷಾಂಶ ಹೆಚ್ಚುತ್ತದೆ, ನಿಜ. ಒಳ್ಳೆಯ ಗಡ್ಡೆಗೆ ಆ ದೋಷ ಹೊರಿಸಲಾಗದು. ಐರ್ಲೆಂಡಿನ ಬಡ ರೈತರು ಬಹುಮಟ್ಟಿಗೆ ಆಲೂಗಡ್ಡೆ, ಮಜ್ಜಿಗೆಗಳಿಂದಲೇ ತಲೆಮಾರುಗಳ ಕಾಲ ಬದುಕಿದ್ದರು. 1845ರಿಂದ ಆ ಬೆಳೆಗೆ ರೋಗ ತಗುಲಿದಾಗ ಸುಮಾರು ಹತ್ತು ಲಕ್ಷ ಜನ ಪ್ರಾಣ ಕಳೆದುಕೊಂಡರು. ಸತ್ವವಿಲ್ಲದ ಪದಾರ್ಥವು ಒಂದು ಜನಾಂಗವನ್ನು ಹೀಗೆ ಪೋಷಿಸಲಾರದು.

ಕಬ್ಬಿಣದ ಲೆಕ್ಕವೇ ನನ್ನನ್ನು ಹೆಚ್ಚು ಕಳವಳಗೊಳಿಸಿದ್ದು. ನೂರು ಗ್ರಾಂ ಬಾಳೆಕಾಯಿಯಲ್ಲಿ ಇರುವುದು ಒಂದು ಮಿಲಿಗ್ರಾಮಿಗಿಂತ ಕಡಿಮೆ, ಆಲೂಗಡ್ಡೆಯಲ್ಲಿಯೂ ಅಷ್ಟೇ. ತರುಣಿಯೊಬ್ಬಳಿಗೆ ದಿನಕ್ಕೆ ಬೇಕೆಂದು ನಮ್ಮ ದೇಶದ ತಜ್ಞರು 2020ರಲ್ಲಿ ನಿಗದಿಪಡಿಸಿದ್ದು 29 ಮಿಲಿಗ್ರಾಂ. ಬಾಳೆಕಾಯಿಯೊಂದರಿಂದಲೇ ಅದನ್ನು ತುಂಬಿಸಬೇಕಾದರೆ ನಾಲ್ಕೈದು ಕಿಲೋ ತಿನ್ನಬೇಕಾದೀತು. ಕೈ ಕಪ್ಪಾಗುವುದು ಕಬ್ಬಿಣದಿಂದಲ್ಲ. ಕಾಯಿಯೊಳಗಿನ ಒಗರಿನ ಅಂಶಗಳು ಅದರದೇ ಕಿಣ್ವದ ನೆರವಿನಿಂದ ಗಾಳಿಯೊಡನೆ ಸೇರಿ ಬಣ್ಣಗೆಡುವುದರಿಂದ. ಹೆಚ್ಚಿಟ್ಟ ಆಲೂಗಡ್ಡೆ ಕಪ್ಪಾಗುವುದೂ ಇದೇ ರೀತಿಯಲ್ಲಿ. ಆಯಿಗೆ ಹುಡುಗಿಯ ಮೇಲಿದ್ದ ಮಮತೆ ದೊಡ್ಡದೇ. ಆದರೂ ಒಂದು ಹುಸಿ ನಂಬಿಕೆಯಿಂದ ಚಿಕಿತ್ಸೆ ತಿಂಗಳುಗಟ್ಟಲೆ ತಡವಾಯಿತು. ಅದೇ ಮನೆಯ ಡಬ್ಬಿಗಳಲ್ಲಿ ಸಜ್ಜೆ ಇತ್ತು, ಎಳ್ಳು ಇತ್ತು. ಸಜ್ಜೆಯಲ್ಲಿ ನೂರು ಗ್ರಾಮಿಗೆ ಆರು ಮಿಲಿಗ್ರಾಮಿಗೂ ಮಿಕ್ಕಿ ಕಬ್ಬಿಣವಿದೆ. ಪ್ರೋಟೀನಿಗಾದರೋ ನಮ್ಮ ಜಿಲ್ಲೆಯೇ ತೊಗರಿಯ ಕಣಜ. ಇವಾವುವೂ ವರ್ಜ್ಯವಲ್ಲ.

ಹಾಗಾದರೆ ಹುಡುಗಿಯ ಪ್ರಶ್ನೆ ಉಳಿಯಿತು: ಬಿಡುವುದೇಕೆ? ಸಮಂತಭದ್ರಾಚಾರ್ಯರು ರತ್ನಕರಂಡ ಶ್ರಾವಕಾಚಾರದಲ್ಲಿ ಮೂಲಂಗಿ, ಹಸಿ ಶುಂಠಿ, ಬೆಣ್ಣೆ, ಬೇವಿನ ಹೂ, ಕೇದಗೆಗಳನ್ನು ಬಿಡಬೇಕೆಂದು ಹೇಳುವಾಗ ಅವುಗಳಲ್ಲಿ ಸತ್ವವಿಲ್ಲವೆನ್ನಲಿಲ್ಲ. ದೊರೆಯುವ ಫಲ ಅಲ್ಪ, ಆಗುವ ಜೀವಘಾತ ಅಧಿಕ ಎಂದರು. ಆಲೂಗಡ್ಡೆಯ ಹೆಸರು ಅಲ್ಲಿಲ್ಲ, ಇರುವಂತೆಯೂ ಇಲ್ಲ. ದಕ್ಷಿಣ ಅಮೆರಿಕದ ಆ ಗಡ್ಡೆ ನಮ್ಮ ನಾಡನ್ನು ಕಂಡದ್ದು ಪೋರ್ಚುಗೀಸರು ಬಂದ ಮೇಲೆ. ಆದರೆ ಕತ್ತರಿಸಿ ನೆಟ್ಟರೂ ಚಿಗುರುವುದನ್ನು ಅನಂತಕಾಯದ ಲಕ್ಷಣಗಳಲ್ಲಿ ಒಂದೆಂದು ನೇಮಿಚಂದ್ರ ಸಿದ್ಧಾಂತಚಕ್ರವರ್ತಿಗಳು ಗೊಮ್ಮಟಸಾರದಲ್ಲಿ ಗುರುತಿಸಿದ್ದಾರೆ. ಆಲೂಗಡ್ಡೆಯ ಒಂದೊಂದು ಕಣ್ಣೂ ಒಂದೊಂದು ಗಿಡವಾಗಬಲ್ಲುದು. ಇದರಿಂದ ಅನಂತ ಜೀವರಾಶಿ ವಿಜ್ಞಾನಸಿದ್ಧವಾಯಿತೆಂದು ನಾನು ಹೇಳಲಾರೆ. ಅದು ಶ್ರದ್ಧೆಯ ವಿಷಯ. ಶ್ರದ್ಧೆಯೆಂದೇ ಹೇಳಿದರೆ ಅದಕ್ಕೆ ಕುಂದಿಲ್ಲ.

ಫಲ ಅಲ್ಪ ಎಂಬಲ್ಲಿ ಪೋಷಣೆಯ ಲೆಕ್ಕಕ್ಕೆ ಒಂದು ನ್ಯಾಯವಾದ ಸ್ಥಾನ ಸಿಗುತ್ತದೆ. ಎರಡೂ ಕಾಯಿಪಲ್ಲೆಗಳು ಹೆಚ್ಚುಕಡಿಮೆ ಸಮಾನವೆಂದಾದರೆ ಆಲೂಗಡ್ಡೆಯನ್ನು ಬಿಟ್ಟವನು ಶರೀರದ ದೃಷ್ಟಿಯಿಂದ ಕಳೆದುಕೊಳ್ಳುವುದು ಏನೂ ಇಲ್ಲ. ಕೋಷ್ಟಕವು ಹೇಳಬಲ್ಲುದು ಇಷ್ಟನ್ನೇ. ಬಾಳೆಕಾಯಿ ಸಿಗದ, ಅಗ್ಗದ ಗಡ್ಡೆಯಿಂದಲೇ ಹೊಟ್ಟೆ ಹೊರೆಯುವ ಕೂಲಿಕಾರನಿಗೆ ಫಲ ಅಲ್ಪವಲ್ಲ. ಅವನನ್ನು ನೋಡಿ ಮೂಗು ಮುರಿಯುವ ಅಧಿಕಾರ ನಮ್ಮ ವ್ರತಕ್ಕೆ ಬಂದಿಲ್ಲ.

ಬಾಳೆಯಾದರೂ ನಿರ್ದೋಷವೆಂದು ಬೀಗುವಂತಿಲ್ಲ. ಮರುದಿನ ಕಮಲಾಪುರದ ತೋಟವೊಂದರಲ್ಲಿ ನಿಂತು ನೋಡಿದೆ. ಒಂದು ಬಾಳೆಗಿಡ ಗೊನೆ ಬಿಡುವುದು ಒಮ್ಮೆ ಮಾತ್ರ. ಕೆಂಪು ಬಾಳೆಗೆ ಅದಕ್ಕೂ ವರ್ಷ ಮೀರಿದ ಕಾಲ ಬೇಕು. ಗೊನೆ ಇಳಿಸಿದ ಮೇಲೆ ಆ ಗಿಡವನ್ನು ಕಡಿಯುತ್ತಾರೆ. ಬುಡದ ಕಂದುಗಳಲ್ಲಿ ಒಂದನ್ನು ಉಳಿಸಿ ಮಿಕ್ಕವನ್ನು ಕಿತ್ತೊಗೆಯುತ್ತಾರೆ. ಇತ್ತ ಆಲೂಗಡ್ಡೆಯನ್ನು ಅಗೆಯುವುದು ಸಾಮಾನ್ಯವಾಗಿ ಮೇಲಿನ ಗಿಡ ಒಣಗತೊಡಗಿದಾಗ. ಹಸಿ ಗಿಡವನ್ನು ಬೇರುಸಹಿತ ಕೊಲ್ಲುವರೆಂಬ ನಮ್ಮ ಮಾತು ಪೂರ್ತಿ ಸರಿಯಲ್ಲ. ಆದರೂ ಮಣ್ಣು ಬಗೆದಾಗ ಅಲ್ಲಿನ ಹುಳುಗಳಿಗೆ ಘಾತವುಂಟು, ಗಡ್ಡೆಯೋ ಸಜೀವ. ವ್ಯತ್ಯಾಸವಿದೆ, ಅದು ತರತಮದ ವ್ಯತ್ಯಾಸ.

ಇಷ್ಟು ಹೇಳಿದಾಗ ಬಂಧುವೊಬ್ಬರು, ಹುಸಿಯಾದರೇನು, ಮಕ್ಕಳು ವ್ರತದಲ್ಲಿ ನಿಲ್ಲುವುದಾದರೆ ಆ ಮಾತು ಇರಲಿ ಎಂದರು. ನನಗೆ ಒಪ್ಪಿಗೆಯಾಗಲಿಲ್ಲ. ತತ್ತ್ವಾರ್ಥಸೂತ್ರವು ಸತ್ಯಾಣುವ್ರತದ ಅತಿಚಾರಗಳನ್ನು ಎಣಿಸುವಾಗ ಮೊದಲಿಗೆ ಇಟ್ಟದ್ದು ಮಿಥ್ಯೋಪದೇಶವನ್ನು. ಒಂದು ಅಣುವ್ರತವನ್ನು ಉಳಿಸಲೆಂದು ಇನ್ನೊಂದನ್ನು ಕೆಡಿಸಬಹುದೆಂದು ಎಲ್ಲಿ ಹೇಳಿದೆ? ಮಕ್ಕಳು ನಿಲ್ಲುವರೆಂಬುದೂ ಅನುಮಾನವೇ. ಈ ಹುಡುಗಿ ಪುಸ್ತಕ ತೆರೆದ ದಿನವೇ ಆಯಿಯ ಕಾರಣ ಬಿತ್ತು, ಅದರ ಹಿಂದೆಯೇ ನಿಯಮವೂ ಬೀಳುವುದರಲ್ಲಿತ್ತು. ಕಲಬುರಗಿಗೆ ಹತ್ತಿರದ ಮಳಖೇಡವೇ ಅಂದಿನ ಮಾನ್ಯಖೇಟ. ಅಲ್ಲಿಂದ ಆಳಿದ ಅಮೋಘವರ್ಷನ ಕಾಲದಲ್ಲಿ ಮಹಾವೀರಾಚಾರ್ಯರು ಗಣಿತಸಾರಸಂಗ್ರಹ ಬರೆದರು. ಅಂಥ ನೆಲದವರಾದ ನಾವು ಲೆಕ್ಕಕ್ಕೆ ಅಂಜುವುದು ವಿಚಿತ್ರವೇ ಸರಿ.

ಹುಡುಗಿಗೆ ನಾನು ಎರಡೂ ಮಾತು ಹೇಳಿದೆ: ಆಲೂಗಡ್ಡೆಯಲ್ಲಿ ಸತ್ವವಿದೆ, ಅದನ್ನು ಬಿಡುವುದು ಜೀವದಯೆಯ ಕಾರಣಕ್ಕೆ, ಬಿಡುವುದೂ ಬಿಡದಿರುವುದೂ ಅವಳಿಗೆ ಸೇರಿದ್ದು. ಮಾತ್ರೆಯನ್ನು ಅಂದಿನಿಂದಲೇ ಆರಂಭಿಸಿದಳು. ಆಲೂಗಡ್ಡೆಯನ್ನು ಚಾತುರ್ಮಾಸ ಮುಗಿಯುವವರೆಗೆ ಬಿಡುವೆನೆಂದು ನಿಯಮ ಮಾಡಿಕೊಂಡಳು. ಮುಂದಿನದನ್ನು ಆಮೇಲೆ ನೋಡುವಳಂತೆ. ಆಯಿ ಬೆಳಗಿನ ಹೊತ್ತಿಗೆ ಎಳ್ಳು ಹಚ್ಚಿದ ಸಜ್ಜೆಯ ರೊಟ್ಟಿ ತಟ್ಟಿ ಗಂಟು ಕಟ್ಟಿಕೊಟ್ಟರು. ಜೊತೆಗೆ ಬಾಳೆಕಾಯಿ ಪಲ್ಯವೂ ಇತ್ತು. ಹೆಚ್ಚುವ ಮೊದಲು ಆ ದಿನ ಕೈಗೆ ಎಣ್ಣೆ ಸವರಿಕೊಂಡಿದ್ದರು.