ಸುಳ್ಳು ಹುಟ್ಟುವುದೆಲ್ಲಿ?

ಮದುವೆಗೆ ಸಿದ್ಧನಾಗುತ್ತಿದ್ದ ಶಿವಮೊಗ್ಗದ ಯುವಕನೊಬ್ಬ ಕೇಳಿದ: "ಫಾದರ್, ಪ್ರಯೋಗಾಲಯದಲ್ಲಿ ಬೆಳೆಸಿದ ವಜ್ರದ ಉಂಗುರ ತೊಡಿಸಿದರೆ ವಧುವಿಗೆ ಮೋಸವಾಗುವುದೇ?"

ನನಗೆ ನೆರೆಯ ಭದ್ರಾವತಿ ನೆನಪಾಯಿತು. 1923ರಲ್ಲಿ ಅಲ್ಲಿನ ಕುಲುಮೆಯಲ್ಲಿ ಮಲೆನಾಡಿನ ಮರದ ಇದ್ದಿಲು ಉರಿದು ಕಬ್ಬಿಣ ಹರಿಯಿತು. ಕುಲುಮೆಯಲ್ಲಿ ಹುಟ್ಟಿತೆಂದು ಅದನ್ನು ಯಾರೂ ಹುಸಿಯೆನ್ನಲಿಲ್ಲ. ಆ ಇದ್ದಿಲಿನ ಇಂಗಾಲವೇ ವಜ್ರದ ಮೂಲದ್ರವ್ಯ. 1954ರಲ್ಲಿ ಅಮೆರಿಕದ ವಿಜ್ಞಾನಿಗಳು ಅತಿಯಾದ ಒತ್ತಡ, ಶಾಖಗಳಿಂದ ಇಂಗಾಲವನ್ನು ವಜ್ರವಾಗಿಸಿದರು. ಇಂದು ಸೂರತ್ತಿನಲ್ಲಿ ಮೀಥೇನ್ ಅನಿಲದಿಂದ ಕೆಲವೇ ವಾರಗಳಲ್ಲಿ ಪದರಪದರವಾಗಿ ಬೆಳೆಸುತ್ತಾರೆ. ಕಾಠಿಣ್ಯ, ಹೊಳಪು ಒಂದೇ; ಬೆಲೆ ಮಾತ್ರ ಬಹಳ ಕಡಿಮೆ.

ಬರಿಗಣ್ಣಿಗೆ ಭೇದ ತಿಳಿಯದಿರುವಲ್ಲಿಯೇ ನಾಲಿಗೆಯ ಹೊಣೆ ಹಿರಿದು. ಗಣಿಯದೆಂದು ಮಾರಿದರೆ, ಗಣಿಯದೆಂದು ನೆಂಟರೆದುರು ಮೆರೆದರೆ, ಸುಳ್ಳು ಹುಟ್ಟುವುದು ಅಲ್ಲಿ, ಕಲ್ಲಿನಲ್ಲಲ್ಲ.

"ವಧುವಿಗೆ ತಿಳಿಸಿ ತೊಡಿಸು, ಮಗನೇ" ಎಂದೆ. "ಕಲ್ಲು ಎಲ್ಲಿ ಬೆಳೆದರೇನು? ಕೊಡುವ ಮಾತು ನಿಜವಾಗಿರಲಿ."