ಯಾರ ಮರಿ, ಯಾವ ಹೊಳೆ

ಅಗರ, ಮಾಂಬಳ್ಳಿ, ಯಳಂದೂರು ಸೀಮೆಯ ಮಳೆನೀರನ್ನು ಕೂಡಿಸಿಕೊಂಡು ಹರಿಯುವ ಸುವರ್ಣಾವತಿ ಕೊಳ್ಳೇಗಾಲ ತಾಲ್ಲೂಕಿನಲ್ಲಿ ಕಾವೇರಿಗೆ ಸೇರುತ್ತದೆ. ಮುಂದೆ ಕಾವೇರಿ ಶಿವನಸಮುದ್ರದಲ್ಲಿ ಧುಮುಕಿ, ಬಲಕ್ಕೆ ಹನೂರಿನ ಕಾಡನ್ನೂ ಎಡಕ್ಕೆ ಮಳವಳ್ಳಿ, ಕನಕಪುರದ ಕಾಡನ್ನೂ ತಾಕುತ್ತ ಮೇಕೆದಾಟಿನತ್ತ ಸಾಗುತ್ತದೆ. ಕಾವೇರಿ ಮತ್ತು ಅದರ ಉಪನದಿಗಳನ್ನು ಬಿಟ್ಟರೆ ಜಗತ್ತಿನ ಬೇರೆಲ್ಲೂ ಇಲ್ಲದ ಒಂದು ಮೀನಿಗೆ ಈ ಬಂಡೆಗಳ ನಡುವಿನ ಮಡುಗಳೇ ಮನೆ. ಅದು ಗೂನುಬೆನ್ನಿನ ಮಹಶೀರ್. ತಲೆಯ ಹಿಂದೆಯೇ ಏರುವ ಬೆನ್ನು, ಕಿತ್ತಳೆ ಬಣ್ಣದ ರೆಕ್ಕೆ. 1946ರಲ್ಲಿ ಮೈಸೂರಿನ ವ್ಯಾನ್ ಇಂಗೆನ್ ಕುಟುಂಬದವರೊಬ್ಬರು ಕಬಿನಿಯಲ್ಲಿ ಗಾಳ ಹಾಕಿ ಹಿಡಿದ ಮಹಶೀರ್ 120 ಪೌಂಡ್, ಅಂದರೆ 54 ಕಿಲೋ ತೂಗಿತ್ತು.

ಅಳಿವಿನಂಚಿನ ಜೀವಿಗಳಿಗೆ ಮನುಷ್ಯನೇ ಸೂಲಗಿತ್ತಿಯಾಗುವ ಕಾಲ ಇದು. 2006ರಲ್ಲಿ ಹೈದರಾಬಾದಿನ ಸಿಸಿಎಂಬಿ ಸಂಶೋಧನಾ ಸಂಸ್ಥೆಯ ವಿಜ್ಞಾನಿಗಳು ಕೃತಕ ಗರ್ಭಧಾರಣೆಯಿಂದ ಚುಕ್ಕೆ ಜಿಂಕೆಯ ಮರಿ ಹುಟ್ಟಿಸಿದರು. ಕೀನ್ಯಾದಲ್ಲಿ ಎರಡೇ ಹೆಣ್ಣು ಉಳಿದಿರುವ ಉತ್ತರದ ಬಿಳಿ ಘೇಂಡಾಮೃಗಕ್ಕಾಗಿ ಪ್ರಯೋಗಾಲಯದಲ್ಲಿ ಭ್ರೂಣಗಳನ್ನು ಶೀತದಲ್ಲಿ ಕಾದಿಟ್ಟಿದ್ದಾರೆ. ಇವನ್ನು ಕಂಡಾಗ ಮನಸ್ಸು ಅರಳುತ್ತದೆ. ಆದರೆ ನಮ್ಮ ಹೊಳೆಯ ಕಥೆ ಅದರ ಜೊತೆಗೇ ಒಂದು ಪ್ರಶ್ನೆಯನ್ನೂ ಇಡುತ್ತದೆ.

ಮಹಾರಾಷ್ಟ್ರದ ಲೋನಾವಳದಲ್ಲಿ ಟಾಟಾ ವಿದ್ಯುತ್ ಕಂಪನಿಯ ಮರಿ ಉತ್ಪಾದನಾ ಕೇಂದ್ರ 1970ರ ದಶಕದಿಂದ ನೀಲಿ ರೆಕ್ಕೆಯ ಮಹಶೀರನ್ನು ಬೆಳೆಸುತ್ತ ಬಂತು. ಆ ಕೆಲಸ ನೋಡುವಂಥದ್ದು. ಮಳೆಗಾಲದಲ್ಲಿ ಮೊಟ್ಟೆ ಬಲಿತ ಹೆಣ್ಣನ್ನು ಒದ್ದೆ ಬಟ್ಟೆಯಲ್ಲಿ ಹಿಡಿದು, ಹೊಟ್ಟೆಯನ್ನು ಬಾಲದ ಕಡೆಗೆ ಮೆಲ್ಲಗೆ ಒತ್ತಿ ಸವರುತ್ತಾರೆ. ಹಳದಿ ಮೊಟ್ಟೆಗಳು ಒಣ ಬೋಗುಣಿಗೆ ಜಾರುತ್ತವೆ. ಗಂಡಿನ ಹಾಲಿನಂಥ ವೀರ್ಯವನ್ನು ಅದರ ಮೇಲೆ ಹಿಂಡಿ, ಮೊಟ್ಟೆಗೆ ಪೆಟ್ಟಾಗದಂತೆ ಹಕ್ಕಿಯ ಗರಿಯಿಂದ ಕಲಸುತ್ತಾರೆ. ನೀರು ಸೇರಿಸುವುದು ಕೊನೆಗೆ, ಯಾಕೆಂದರೆ ನೀರು ತಾಗಿದ ಮೇಲೆ ವೀರ್ಯಾಣುವಿನ ಓಟ ಬಹಳ ಹೊತ್ತು ಉಳಿಯದು. ಮೂರ್ನಾಲ್ಕು ದಿನಕ್ಕೆ ಮರಿಗಳು ಒಡೆದು ಬರುತ್ತವೆ. ಹೊಳೆಯಲ್ಲಿ ಪ್ರವಾಹ, ಕಲ್ಲು, ಕತ್ತಲು ಸೇರಿ ನಡೆಸುವ ಕೆಲಸವನ್ನು ಇಲ್ಲಿ ಹತ್ತು ಬೆರಳು ನಡೆಸುತ್ತವೆ.

ಆ ಮರಿಗಳು ಕಾವೇರಿಗೂ ಬಂದವು. ಹೊಳೆಯಲ್ಲಿ ಮಹಶೀರ್ ಕಡಿಮೆಯಾಗುತ್ತಿದೆ, ತುಂಬಿಸೋಣ ಎಂಬ ಪ್ರೀತಿಯಿಂದಲೇ ತಂದು ಬಿಟ್ಟರು. ಆದರೆ ಅವು ಪುಣೆ ಸೀಮೆಯ ಹೊಳೆಗಳ ತಳಿ. ಕಾವೇರಿ ದಡದ ಗಾಲಿಬೋರೆಯಲ್ಲಿ ಗಾಳ ಹಾಕಿದವರ 1998ರಿಂದ 2012ರವರೆಗಿನ ದಾಖಲೆಗಳನ್ನು ಸಂಶೋಧಕರು ಕಲೆಹಾಕಿ, 2015ರಲ್ಲಿ ಪ್ರಕಟಿಸಿದರು. ನೀಲಿ ರೆಕ್ಕೆಯವು ಹೆಚ್ಚುತ್ತ ಹೋಗಿವೆ, ಗೂನುಬೆನ್ನಿನವು ಇಲ್ಲವಾಗುತ್ತ ಬಂದಿವೆ. ಅಣೆಕಟ್ಟು, ಮರಳುಗಾರಿಕೆ, ಸಿಡಿಮದ್ದು ಹಾಕಿ ಮೀನು ಹಿಡಿಯುವುದು, ಇವೆಲ್ಲ ಮೊದಲೇ ಕಾಡುತ್ತಿದ್ದವು. ಅದರ ಮೇಲೆ ಪಾಲುಗಾರನೂ ಬಂದು ಕೂತ.

ನನ್ನನ್ನು ಬಹಳ ಕಾಲದಿಂದ ಕಾಡುವುದು ಇನ್ನೊಂದು ಸಂಗತಿ. 1873ರಲ್ಲೇ ಎಚ್. ಎಸ್. ಥಾಮಸ್ ತನ್ನ ಪುಸ್ತಕದಲ್ಲಿ ಬರೆದಿದ್ದ ಈ ಮೀನು ಯಾವ ಪ್ರಭೇದ ಎಂದು ವಿಜ್ಞಾನ ಖಚಿತಪಡಿಸಿದ್ದು 2018ರಲ್ಲಿ. ಟಾರ್ ರೆಮಾದೇವಿ ಎಂಬ ಹೆಸರಿಗೆ ಅದು ಸೇರಿದ ವರ್ಷವೇ ಐಯುಸಿಎನ್ ಅದನ್ನು ಅತ್ಯಂತ ಅಪಾಯದ ಪಟ್ಟಿಗೆ ಸೇರಿಸಿತು. ಅಂದರೆ ಮರಿ ಬಿಟ್ಟ ಕಾಲಕ್ಕೆ ಯಾರನ್ನು ಉಳಿಸಬೇಕು ಎಂಬುದೇ ನಮಗೆ ಗೊತ್ತಿರಲಿಲ್ಲ. ಕೈಗೆ ವಿದ್ಯೆ ಬಂದಿತ್ತು, ಕಣ್ಣಿಗೆ ಗುರುತು ಸಿಕ್ಕಿರಲಿಲ್ಲ.

ಹುಟ್ಟಿಸುವುದು ಎಂದರೇನು? ಒಂದು ಜೀವದ ಹುಟ್ಟಿನಲ್ಲಿ ತಾಯಿ ತಂದೆಯರಷ್ಟೇ ಪಾಲು ಆ ಹೊಳೆಗೂ ಇದೆ ಎನ್ನುವುದು ನನ್ನ ನಂಬಿಕೆ. ಯಾವ ತಿಂಗಳು ನೀರು ಕೆಂಪಾಗುತ್ತದೆ, ಯಾವ ಸುಳಿಯ ಕೆಳಗೆ ಗರಸು ಇದೆ ಎಂಬುದಕ್ಕೆ ಒಗ್ಗಿ ಒಗ್ಗಿ ಸಾವಿರಾರು ವರ್ಷ ಆ ಬೆನ್ನು ಮೂಡಿದೆ. ಶೀತಲೀಕರಿಸಿದ ವೀರ್ಯದ ಕೊಳವೆಯಲ್ಲಿ ವಂಶ ಉಳಿಯಬಹುದು. ಮಡು ಉಳಿಯುವುದಿಲ್ಲ. ಹಾಗಂತ ಈ ವಿದ್ಯೆಯನ್ನು ತಳ್ಳಿಹಾಕುವವನು ನಾನಲ್ಲ. ಗೂನುಬೆನ್ನಿನ ಮೀನಿಗೆ ನಾಳೆ ಅದೇ ಗರಿ, ಅದೇ ಬೋಗುಣಿ ಬೇಕಾಗಬಹುದು. ಆಗ ತಾಯಿಮೀನು ಈ ಹೊಳೆಯದೇ ಆಗಿರಲಿ, ಒಂದೆರಡು ಜೋಡಿಯ ಸಂತಾನವನ್ನೇ ಸಾವಿರಗಟ್ಟಲೆ ಮಾಡಿ ವಂಶದ ವೈವಿಧ್ಯವನ್ನು ಕಳೆಯದಿರಲಿ.

ಕಾವೇರಿಗಾಗಲಿ, ನಮ್ಮ ಸುವರ್ಣಾವತಿಗಾಗಲಿ ಮೀನುಮರಿ ಬಿಡುವವರಲ್ಲಿ ನನ್ನದೊಂದು ಕೋರಿಕೆ: ಮೊದಲು ಆ ಮರಿಗಳ ತಳಿ ಪರೀಕ್ಷೆ ಮಾಡಿಸಿ. ಬೇರೆ ಹೊಳೆಯವಾದರೆ ಇಲ್ಲಿಗೆ ತರಬೇಡಿ.